ಶ್ರೀರಂಗಪಟ್ಟಣದ ಕೊಲೆ, ಯಾರ್ಕ್‌ಷೈರಿನ ಪತ್ತೇದಾರ

ಪತ್ತೇದಾರಿ ಕಾದಂಬರಿಯನ್ನು ಕೈಗೆತ್ತಿಕೊಂಡವರು ಪೀಠಿಕೆಯನ್ನು ಹಾರಿಸಿ ಕಥೆಗೆ ಇಳಿಯುವುದು ವಾಡಿಕೆ. ಕೊಲೆ ಯಾವ ಪುಟದಲ್ಲಿದೆ, ಪತ್ತೇದಾರ ಯಾವಾಗ ಬರುತ್ತಾನೆ ಎಂಬುದರ ಕಡೆಗೇ ಮನಸ್ಸು ಓಡುತ್ತಿರುತ್ತದೆ. ವಿಲ್ಕೀ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಎಂಬ ಪ್ರಖ್ಯಾತ ಇಂಗ್ಲಿಷ್ ಕಾದಂಬರಿಯ ವಿಷಯದಲ್ಲಿ ಹಾಗೆ ಮಾಡುವಂತಿಲ್ಲ. ಪೀಠಿಕೆಯನ್ನು ಬಿಟ್ಟರೆ ಪುಸ್ತಕದ ಮೊದಲ ಕೊಲೆಯೇ ಕೈತಪ್ಪಿ ಹೋಗುತ್ತದೆ. ಆ ಕೊಲೆ ನಡೆಯುವುದು ಲಂಡನ್ನಿನ ಮಂಜು ಮುಸುಕಿದ ಬೀದಿಯಲ್ಲಿ ಅಲ್ಲ. ನಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗೆ, ಟಿಪ್ಪು ಸುಲ್ತಾನನ ಆಯುಧಾಗಾರದಲ್ಲಿ, 1799ರ ಮೇ 4ರ ಮುಸ್ಸಂಜೆಯಲ್ಲಿ.

ಪತ್ತೇದಾರಿ ಸಾಹಿತ್ಯದ ಇತಿಹಾಸದಲ್ಲಿ ಈ ಪುಸ್ತಕಕ್ಕೆ ಇರುವ ಸ್ಥಾನವನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಎಡ್ಗರ್ ಆಲನ್ ಪೋ 1841ರಲ್ಲಿಯೇ ಪತ್ತೇದಾರನೊಬ್ಬನನ್ನು ಸಣ್ಣಕಥೆಯಲ್ಲಿ ನಿಲ್ಲಿಸಿದ್ದ. ಫ್ರಾನ್ಸಿನ ಗಬೋರಿಯೋ ಕಾಲಿನ್ಸನಿಗಿಂತ ಎರಡು ಮೂರು ವರ್ಷ ಮೊದಲೇ ಕೊಲೆಯ ತನಿಖೆಯನ್ನು ಕಾದಂಬರಿಯ ಹಂದರಕ್ಕೆ ಹಬ್ಬಿಸಿದ್ದ. ಇಂಗ್ಲೆಂಡಿನಲ್ಲಿಯೂ 1862ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರತೊಡಗಿದ ‘ದಿ ನಾಟಿಂಗ್ ಹಿಲ್ ಮಿಸ್ಟರಿ’ ಎಂಬ ಕೃತಿಗೆ ಪ್ರಥಮಸ್ಥಾನ ಸಲ್ಲಬೇಕೆಂದು ವಾದಿಸುವವರಿದ್ದಾರೆ. ಆದರೂ ಕವಿ ಟಿ. ಎಸ್. ಎಲಿಯಟ್ ಆಧುನಿಕ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೂ ಅತ್ಯುತ್ತಮವೂ ಇದೇ ಎಂದು ಎತ್ತಿಹಿಡಿದ ಮೇಲೆ, ಆ ಗೌರವ ಹೆಚ್ಚುಕಡಿಮೆ ‘ಮೂನ್‌ಸ್ಟೋನ್’ಗೇ ಉಳಿದುಬಂದಿದೆ. ಎನ್. ನರಸಿಂಹಯ್ಯ, ಮ. ರಾಮಮೂರ್ತಿ ಮೊದಲಾದವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಮ್ಮ ತಲೆಮಾರಿನವರಿಗೆ ಪರಿಚಿತವಾದ ಅನೇಕ ಸಾಮಗ್ರಿಗಳು ಇಲ್ಲಿ ಒಟ್ಟಿಗೆ ದೊರೆಯುತ್ತವೆ: ಊರಾಚೆಯ ದೊಡ್ಡ ಬಂಗಲೆ, ಒಂದೇ ಸೂರಿನಡಿ ಸೇರಿದ ಶಂಕಿತರು, ಮಂದಮತಿಯ ಸ್ಥಳೀಯ ಪೊಲೀಸು, ರಾಜಧಾನಿಯಿಂದ ಬಂದ ಚತುರ ಪತ್ತೇದಾರ, ಎಲ್ಲರಿಗಿಂತ ಕಡಿಮೆ ಅನುಮಾನ ಬರುವ ವ್ಯಕ್ತಿಯ ಕಡೆಗೆ ಕೊನೆಗೆ ತಿರುಗುವ ಬೆರಳು.

ಕಥೆಯ ಕೇಂದ್ರದಲ್ಲಿರುವುದು ಒಂದು ಹಳದಿ ವಜ್ರ. ಹೆಸರು ಚಂದ್ರಶಿಲೆಯಾದರೂ ಅದು ನಮ್ಮ ಕವಿಗಳು ಬೆಳದಿಂಗಳಲ್ಲಿ ಒಸರುತ್ತದೆಂದು ವರ್ಣಿಸಿದ ಚಂದ್ರಕಾಂತಶಿಲೆಯಲ್ಲ, ಅಪ್ಪಟ ವಜ್ರ. ಸೋಮನಾಥದಲ್ಲಿದ್ದ ಚಂದ್ರದೇವತೆಯ ವಿಗ್ರಹದ ಹಣೆಯಲ್ಲಿ ಅದು ಇತ್ತೆಂದೂ, ಘಜ್ನಿಯ ಮಹಮೂದನ ದಾಳಿಯಿಂದ ಪಾರಾದ ಆ ವಿಗ್ರಹವನ್ನು ಕಾಶಿಗೆ ಸಾಗಿಸಿದರೆಂದೂ, ವಿಷ್ಣುವಿನ ಅಪ್ಪಣೆಯಂತೆ ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ ಅದನ್ನು ಕಾಯುತ್ತಿದ್ದರೆಂದೂ, ಔರಂಗಜೇಬನ ಕಾಲದಲ್ಲಿ ಅಪಹೃತವಾದ ಮಣಿ ಕೈಯಿಂದ ಕೈಗೆ ದಾಟಿ ಕೊನೆಗೆ ಟಿಪ್ಪುವಿನ ಕಠಾರಿಯ ಹಿಡಿಯಲ್ಲಿ ಸೇರಿಕೊಂಡಿತೆಂದೂ ಕಾಲಿನ್ಸ್ ಹೇಳುತ್ತಾನೆ. ಸೋಮನಾಥದಲ್ಲಿದ್ದದ್ದು ಶಿವಲಿಂಗವೇ ಹೊರತು ನಾಲ್ಕು ಕೈಗಳ ಚಂದ್ರವಿಗ್ರಹವಲ್ಲ ಎಂಬುದನ್ನು ನಮ್ಮ ಹೈಸ್ಕೂಲು ಹುಡುಗರೂ ತಿದ್ದಬಲ್ಲರು. ಭಾರತಕ್ಕೆ ಎಂದೂ ಕಾಲಿಡದ ಲೇಖಕ ಪುಸ್ತಕಗಳ ಆಧಾರದಿಂದ ಕಟ್ಟಿಕೊಂಡ ಐತಿಹ್ಯ ಅದು. ಆದರೆ ಅದಕ್ಕೆ ಮೂಲವೇ ಇಲ್ಲವೆನ್ನಲಾಗದು. ಮುನ್ನುಡಿಯಲ್ಲಿ ಅವನೇ ಎರಡು ವಜ್ರಗಳನ್ನು ನೆನೆಯುತ್ತಾನೆ. ಒಂದು ಕೊಹಿನೂರ್. ಇನ್ನೊಂದು ರಷ್ಯದ ಚಕ್ರವರ್ತಿಗಳ ರಾಜದಂಡದಲ್ಲಿರುವ, ದೇವರ ಕಣ್ಣಾಗಿತ್ತೆಂದು ಪ್ರತೀತಿಯಿರುವ ಓರ್ಲೋವ್ ವಜ್ರ. ಈ ಎರಡನೆಯದನ್ನು ಫ್ರೆಂಚ್ ಸೈನಿಕನೊಬ್ಬ ಶ್ರೀರಂಗದ ದೇವಾಲಯದಿಂದ ಕದ್ದನೆಂಬ ದಂತಕಥೆಯಿದೆ. ಕಾವೇರಿಯ ಆದಿರಂಗ, ಅಂತ್ಯರಂಗಗಳ ನಡುವಣ ಸಂಬಂಧ ಕಾಲಿನ್ಸನಿಗೆ ತಿಳಿದಿರುವ ಸಂಭವ ಕಡಿಮೆ. ತಿಳಿಯದೆಯೇ ಅವನು ಅಂತ್ಯರಂಗದ ಕಥೆಯ ಎಳೆಯೊಂದನ್ನು ಆದಿರಂಗಕ್ಕೆ ತಂದು ಹೆಣೆದಿದ್ದಾನೆ.

ಇನ್ನು ಪೀಠಿಕೆಯ ಘಟನೆ. ಅದನ್ನು ಬರೆದಿಟ್ಟವನು ಹೆಸರಿಲ್ಲದ ಒಬ್ಬ ಇಂಗ್ಲಿಷ್ ಅಧಿಕಾರಿ. ಜಾನ್ ಹರ್ನ್‌ಕಾಸಲ್ ಎಂಬ ಇನ್ನೊಬ್ಬ ಅಧಿಕಾರಿಯ ದಾಯಾದಿ. ಕೋಟೆ ಬಿದ್ದ ಮೇಲೆ ಜನರಲ್ ಬೇರ್ಡ್ ಈ ಇಬ್ಬರನ್ನೂ ಅರಮನೆಗೆ ಕಳುಹಿಸುತ್ತಾನೆ. ಕಳುಹಿಸಿದ ಉದ್ದೇಶ ಕೊಳ್ಳೆಯನ್ನು ತಡೆಯುವುದು! ಸ್ವಲ್ಪ ಹೊತ್ತಿನಲ್ಲಿ ಆಯುಧಾಗಾರದ ಕಡೆಯಿಂದ ಆರ್ತನಾದ ಕೇಳಿ ದಾಯಾದಿ ಓಡುತ್ತಾನೆ. ಬಾಗಿಲಲ್ಲಿ ಇಬ್ಬರು ಭಾರತೀಯರ ಹೆಣಗಳು ಬಿದ್ದಿವೆ. ಒಳಗೆ ಹರ್ನ್‌ಕಾಸಲ್ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತಿದ್ದಾನೆ. ಮೂರನೆಯವನು ಅವನ ಕಾಲ ಬಳಿ ಕುಸಿಯುತ್ತ, ಈ ಮಣಿ ನಿನ್ನ ಮೇಲೂ ನಿನ್ನವರ ಮೇಲೂ ಸೇಡು ತೀರಿಸಿಕೊಳ್ಳುತ್ತದೆ ಎಂದು ತನ್ನ ಭಾಷೆಯಲ್ಲಿ ಶಪಿಸಿ ಪ್ರಾಣ ಬಿಡುತ್ತಾನೆ. ಆ ಭಾಷೆ ಯಾವುದು? ಕನ್ನಡವೋ, ದಖನಿಯೋ, ಹಿಂದುಸ್ತಾನಿಯೋ? ಕಾಲಿನ್ಸ್ ಹೇಳುವುದಿಲ್ಲ, ಕೇಳಿಸಿಕೊಂಡ ಇಂಗ್ಲಿಷ್ ಅಧಿಕಾರಿಗೆ ಅರ್ಥವಾದದ್ದು ಹೇಗೆಂಬುದನ್ನೂ ವಿವರಿಸುವುದಿಲ್ಲ.

ಮರುದಿನ ಹರ್ನ್‌ಕಾಸಲ್ ಎದುರಾದಾಗ ದಾಯಾದಿ ಅವನೊಡನೆ ಕೈಕುಲುಕಲು ನಿರಾಕರಿಸುತ್ತಾನೆ. ಆದರೆ ಸೇನಾಧಿಕಾರಿಗಳಿಗೆ ದೂರು ಕೊಡುವುದಿಲ್ಲ. ಅವನ ತರ್ಕವನ್ನು ಓದುಗರು ಲಕ್ಷ್ಯವಿಟ್ಟು ಗಮನಿಸಬೇಕು. ಬಾಗಿಲ ಬಳಿಯ ಇಬ್ಬರನ್ನು ಹರ್ನ್‌ಕಾಸಲನೇ ಕೊಂದನೆಂಬುದಕ್ಕೆ ತನ್ನ ಬಳಿ ಪುರಾವೆಯಿಲ್ಲ. ಮೂರನೆಯವನಿಗೆ ಇರಿದದ್ದನ್ನಾದರೂ ತಾನು ಕಣ್ಣಾರೆ ಕಂಡಿಲ್ಲ. ಮನಸ್ಸಿಗೆ ಖಚಿತವಾದದ್ದೆಲ್ಲ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆದ್ದರಿಂದ ಕುಟುಂಬದವರ ಮಾಹಿತಿಗಾಗಿ ಒಂದು ಕಾಗದ ಬರೆದಿಟ್ಟು ಸುಮ್ಮನಾಗುತ್ತಾನೆ. ಬೂಟಿನ ಗುರುತು, ಬಾಗಿಲಿನ ಬಣ್ಣ, ಅಗಸರ ಲೆಕ್ಕದ ಪುಸ್ತಕ ಇವುಗಳಿಂದ ಸತ್ಯವನ್ನು ಹೆಕ್ಕಿ ತೆಗೆಯುವ ಕಲೆಯನ್ನು ಇಂಗ್ಲಿಷ್ ಕಾದಂಬರಿಗೆ ಕಲಿಸಿಕೊಟ್ಟ ಪುಸ್ತಕ ಇದು. ಅದರ ಮೊದಲ ಪ್ರಕರಣದಲ್ಲಿ ಕೊಲೆಗಾರ ರಕ್ತಸಿಕ್ತ ಆಯುಧದೊಡನೆ ಎದುರಿಗೇ ನಿಂತಿರುವಾಗ ಸಾಕ್ಷ್ಯ ಸಾಲದೆಂದು ಕಡತ ಮುಚ್ಚಿಹೋಗುತ್ತದೆ.

ಇದೆಲ್ಲ ಕಲ್ಪನೆ, ನಿಜ. ಆದರೆ ಆ ಸಂಜೆ ಮತ್ತು ರಾತ್ರಿ ಶ್ರೀರಂಗಪಟ್ಟಣದಲ್ಲಿ ನಡೆದದ್ದು ಕಲ್ಪನೆಯನ್ನು ಮೀರಿದ್ದು. ನಾನು ತರಗತಿಯಲ್ಲಿ ನಾಲ್ಕನೆಯ ಮೈಸೂರು ಯುದ್ಧದ ಪಾಠ ಮಾಡುತ್ತಿದ್ದಾಗ ಟಿಪ್ಪುವಿನ ಮರಣದೊಂದಿಗೆ ಪಾಠ ಮುಗಿಯುತ್ತಿತ್ತು. ಅನಂತರದ ವಾಕ್ಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ. ನಡುವಣ ಆ ರಾತ್ರಿಗೆ ಪಠ್ಯಪುಸ್ತಕದಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ.

ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬಿಸಿಲಿಗೆ ಬತ್ತಿದ್ದ ಕಾವೇರಿಯನ್ನು ದಾಟಿ ಬೇರ್ಡನ ನೇತೃತ್ವದಲ್ಲಿ ಸೇನೆ ಒಡೆದ ಕೋಟೆಗೋಡೆಗೆ ಲಗ್ಗೆಯಿಟ್ಟಿತು. ಈ ಬೇರ್ಡ್ 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕಿ ಇದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ಕತ್ತಲಾದ ಮೇಲೆ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಆ ರಾತ್ರಿಯೆಲ್ಲ ಪಟ್ಟಣ ಸೂರೆಯಾಯಿತು. ಬೊಕ್ಕಸಕ್ಕೆ ನುಗ್ಗಿದವರು ಚಿನ್ನವನ್ನೂ ರತ್ನಗಳನ್ನೂ ಬಾಚಿಕೊಂಡರು. ಕೊಳ್ಳೆಗೆ ಗುರಿಯಾಗದ ಮನೆ ಊರಿನಲ್ಲಿ ಇಲ್ಲವೇ ಇಲ್ಲವೆನ್ನಬಹುದೆಂದು ಆರ್ಥರ್ ವೆಲ್ಲೆಸ್ಲಿಯೇ ತನ್ನ ಅಣ್ಣನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಮರುದಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಅನೇಕರಿಗೆ ಛಡಿಯೇಟು ಕೊಡಿಸಿ ಕೊಳ್ಳೆಯನ್ನು ನಿಲ್ಲಿಸಿದ. ಕಾದಂಬರಿಯಲ್ಲಿಯೂ ಕದ್ದವನನ್ನು ಗಲ್ಲಿಗೇರಿಸುವುದಾಗಿ ಡಂಗುರ ಹೊಡೆಸುವ ಪ್ರಸಂಗ ಬರುತ್ತದೆ. ಅದನ್ನು ಕೇಳಿಸಿಕೊಳ್ಳುತ್ತ ನಿಂತ ಗುಂಪಿನಲ್ಲಿ ಹರ್ನ್‌ಕಾಸಲನೂ ಇರುತ್ತಾನೆ.

ಆದರೆ ಗಲ್ಲು ಯಾವ ಅಪರಾಧಕ್ಕೆ? ಇತಿಹಾಸದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಒಬ್ಬ ಸಿಪಾಯಿ ತನ್ನಷ್ಟಕ್ಕೆ ತಾನು ಜೇಬಿಗಿಳಿಸಿದರೆ ಅದು ಕಳ್ಳತನ. ಅದೇ ವಸ್ತುವನ್ನು ಸೇನೆಯ ‘ಪ್ರೈಜ್ ಕಮಿಟಿ’ ಪಟ್ಟಿಮಾಡಿ, ಬೆಲೆಕಟ್ಟಿ, ಹರಾಜುಹಾಕಿ, ಹುದ್ದೆಗೆ ತಕ್ಕಂತೆ ಹಂಚಿದರೆ ಅದು ಯುದ್ಧದಲ್ಲಿ ಗೆದ್ದ ಸೊತ್ತು. ಹಂಚಿಕೆಯಲ್ಲಿ ಮುಖ್ಯ ಸೇನಾಧಿಪತಿ ಹ್ಯಾರಿಸನಿಗೆ ದಕ್ಕಿದ್ದು ಒಂದು ಲಕ್ಷ ಪೌಂಡಿಗೂ ಮಿಕ್ಕಿದ ಹಣ. ಸಾಮಾನ್ಯ ಬಿಳಿಯ ಸೈನಿಕನ ಪಾಲಿಗೆ ಬಂದದ್ದು ಸುಮಾರು 7 ಪೌಂಡು, ದೇಶೀ ಸಿಪಾಯಿಗೆ ಸುಮಾರು 5. ಟಿಪ್ಪುವಿನ ಹುಲಿ ಸಿಂಹಾಸನವನ್ನು ಇಡಿಯಾಗಿ ಉಳಿಸುವ ವ್ಯವಧಾನವೂ ಪ್ರೈಜ್ ಕಮಿಟಿಗೆ ಇರಲಿಲ್ಲ. ಹಂಚುವ ಅನುಕೂಲಕ್ಕಾಗಿ ತುಂಡು ತುಂಡಾಯಿತು. ಅದರ ದೊಡ್ಡ ಹುಲಿತಲೆಯೂ ಮೇಲಿದ್ದ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹಕ್ಕೆ ಸೇರಿವೆ. ಚಿಕ್ಕ ಹುಲಿತಲೆಗಳು ಅಲ್ಲಲ್ಲಿ ಚದುರಿಹೋದವು. ಬಿಳಿಯನ ಮೇಲೆ ಬಿದ್ದು ಗರ್ಜಿಸುವ ಮರದ ಹುಲಿ 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಸಾರ್ವಜನಿಕರ ವಿನೋದಕ್ಕೆ ನಿಂತಿತು. ‘ಮೂನ್‌ಸ್ಟೋನ್’ ಓದಿದ ಲಂಡನ್ನಿನ ಜನರಿಗೆ ಶ್ರೀರಂಗಪಟ್ಟಣವೆಂದರೆ ಹೀಗೆ ಟಿಕೆಟಿನ ಗೊಡವೆಯಿಲ್ಲದೆ ನೋಡಬಹುದಾಗಿದ್ದ ಒಂದು ಆಟಿಕೆಯ ನೆನಪು. ಬೇರ್ಡನಿಗೆ ಕಾಣಿಕೆಯಾಗಿ ಸಂದ ಟಿಪ್ಪುವಿನ ಶಯನಾಗಾರದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು.

ಕಾದಂಬರಿಗೆ ಮರಳೋಣ. ಅರ್ಧ ಶತಮಾನ ಕಳೆದು 1848ರಲ್ಲಿ ಕಥೆ ಯಾರ್ಕ್‌ಷೈರಿನ ಕಡಲತೀರದ ಬಂಗಲೆಯಲ್ಲಿ ಮುಂದುವರಿಯುತ್ತದೆ. ಹರ್ನ್‌ಕಾಸಲನಿಗೆ ಸ್ವದೇಶದಲ್ಲಿ ಬಂಧುಗಳೆಲ್ಲ ಬಾಗಿಲು ಹಾಕಿದ್ದರು. ಸಾಯುವಾಗ ಅವನು ವಜ್ರವನ್ನು ಸೋದರಸೊಸೆ ರೇಚಲಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರೆದಿಡುತ್ತಾನೆ. ಅದು ಪಶ್ಚಾತ್ತಾಪವೋ, ತನ್ನನ್ನು ಹೊರಗಟ್ಟಿದ ಅಕ್ಕತಂಗಿಯರ ಮೇಲಿನ ಹಗೆಯೋ ತಿಳಿಯದು. ಹುಟ್ಟುಹಬ್ಬದ ರಾತ್ರಿಯೇ ಆ ಇಪ್ಪತ್ತು ಸಾವಿರ ಪೌಂಡಿನ ಮಣಿ ಮಾಯವಾಗುತ್ತದೆ. ಈಗ ನೋಡಿ ಓಡಾಟ! ಸ್ಥಳೀಯ ಸೂಪರಿಂಟೆಂಡೆಂಟ್ ಬರುತ್ತಾನೆ. ಆಳುಕಾಳುಗಳ ಪೆಟ್ಟಿಗೆಗಳನ್ನು ತೆಗೆಸುತ್ತಾನೆ. ಅವನಿಂದಾಗದೆಂದು ಸ್ಕಾಟ್ಲೆಂಡ್ ಯಾರ್ಡಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಮೂರು ಹೆಣಗಳಿಗೆ ದೊರೆಯದ ತನಿಖೆ ಒಂದು ಕಲ್ಲಿಗೆ ದೊರೆಯುತ್ತದೆ. ಇನ್ನೂ ಒಂದು ಸಂಗತಿಯಿದೆ. ವಜ್ರದ ಬೆನ್ನುಹತ್ತಿ ಮೂವರು ಬ್ರಾಹ್ಮಣರು ಗಾರುಡಿಗರ ವೇಷದಲ್ಲಿ ಅಲ್ಲಿಗೆ ಬಂದಿರುತ್ತಾರೆ. ಆ ರಾತ್ರಿ ಅವರು ಬಂಗಲೆಯ ಹತ್ತಿರವೂ ಇರಲಿಲ್ಲವೆಂಬುದು ಸಾಬೀತಾಗುತ್ತದೆ. ಆದರೂ ಅಲೆಮಾರಿಗಳೆಂಬ ನೆಪದಲ್ಲಿ ಮ್ಯಾಜಿಸ್ಟ್ರೇಟರು ಅವರನ್ನು ಒಂದು ವಾರ ಸೆರೆಮನೆಗೆ ತಳ್ಳುತ್ತಾರೆ. ಇಡೀ ಪ್ರಕರಣದಲ್ಲಿ ಮೊದಲು ಕಂಬಿ ಎಣಿಸಿದವರು ಕೊಲೆಯಾದವರ ವಾರಸುದಾರರೇ.

ಸಾರ್ಜೆಂಟ್ ಕಫ್ ಎಂಬ ಪಾತ್ರವೂ ಗಾಳಿಯಿಂದ ಹುಟ್ಟಿದ್ದಲ್ಲ. ಲಂಡನ್ನಿನ ಪೊಲೀಸರು ಪತ್ತೇದಾರರ ವಿಭಾಗವೊಂದನ್ನು ತೆರೆದದ್ದು 1842ರಲ್ಲಿ. ಅದರ ಮೊದಲ ತಂಡದಲ್ಲಿದ್ದ ಜೊನಾಥನ್ ವಿಚರ್ ಎಂಬಾತನನ್ನು 1860ರಲ್ಲಿ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಗೆ ಕಳುಹಿಸಿದರು. ಅಲ್ಲಿ ಕೆಂಟ್ ಕುಟುಂಬದ ನಾಲ್ಕು ವರ್ಷವೂ ತುಂಬದ ಗಂಡುಮಗುವಿನ ಕತ್ತು ಸೀಳಿ ಕೊಲೆಯಾಗಿತ್ತು. ಅಗಸರ ಲೆಕ್ಕದಲ್ಲಿ ಕಾಣದಾದ ಒಂದು ನಿಲುವಂಗಿಯ ಸುಳಿವು ಹಿಡಿದ ವಿಚರ್, ಮಗುವಿನ ಮಲಅಕ್ಕ, ಹದಿನಾರು ವರ್ಷದ ಕಾನ್‌ಸ್ಟನ್ಸಳನ್ನು ಬಂಧಿಸಿದ. ಗೌರವಸ್ಥರ ಮನೆಯ ಹೆಣ್ಣುಮಗಳ ಒಳಉಡುಪನ್ನು ಪೊಲೀಸಿನವನು ಎಣಿಸುವುದೆಂದರೇನೆಂದು ಪತ್ರಿಕೆಗಳು ಹರಿಹಾಯ್ದವು. ಹುಡುಗಿಯ ಬಿಡುಗಡೆಯಾಯಿತು, ವಿಚರನ ಮಾನ ಹೋಯಿತು. ಐದು ವರ್ಷಗಳ ಮೇಲೆ 1865ರಲ್ಲಿ ಆಕೆಯೇ ತಪ್ಪೊಪ್ಪಿಕೊಂಡಳು. ಕಾಲಿನ್ಸ್ ಆ ನಿಲುವಂಗಿಯನ್ನೂ, ಅಗಸರ ಲೆಕ್ಕವನ್ನೂ, ದೊಡ್ಡ ಮನೆಯ ಅಹಂಕಾರವನ್ನೂ ಹಾಗೆಯೇ ಎತ್ತಿಕೊಂಡು ರಕ್ತದ ಕಲೆಯ ಬದಲು ಬಣ್ಣದ ಕಲೆಯನ್ನು ಇರಿಸಿದ. ಗುಲಾಬಿ ಗಿಡಗಳ ಹುಚ್ಚಿನ ಕಫ್ ಬಹಳ ಜಾಣ, ಆದರೂ ಎಡವುತ್ತಾನೆ. ಗಂಟು ಬಿಡಿಸುವವನು ಎಝ್ರಾ ಜೆನ್ನಿಂಗ್ಸ್ ಎಂಬ ವೈದ್ಯರ ಸಹಾಯಕ. ಯಾವುದೋ ವಸಾಹತಿನಲ್ಲಿ ಹುಟ್ಟಿದವನು. ತಂದೆ ಇಂಗ್ಲಿಷಿನವನು, ತಾಯಿಯ ವಿಷಯ ಬಂದಾಗ ಮಾತು ನಿಲ್ಲಿಸುತ್ತಾನೆ. ಊರಿನಲ್ಲಿ ಅವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಕದ್ದವರಾರೆಂಬುದನ್ನು ನಾನಿಲ್ಲಿ ಹೇಳಲಾರೆ. ಪತ್ತೇದಾರಿ ಕಾದಂಬರಿಯ ಕೊನೆಯನ್ನು ಬಯಲುಮಾಡುವವನಿಗೂ ಊಟದ ಪಂಕ್ತಿಯಲ್ಲಿ ಪಾಯಸ ಚೆಲ್ಲುವವನಿಗೂ ಹೆಚ್ಚು ಭೇದವಿಲ್ಲವೆಂದು ನಂಬಿದವನು ನಾನು. ಅಫೀಮಿಗೂ ರಹಸ್ಯಕ್ಕೂ ನಂಟಿದೆಯೆಂದಷ್ಟೇ ಸೂಚಿಸಬಲ್ಲೆ. ಕಾದಂಬರಿ ವಾರವಾರ ಪ್ರಕಟವಾಗುತ್ತಿದ್ದ ದಿನಗಳಲ್ಲಿ ಕಾಲಿನ್ಸ್ ಸಂಧಿವಾತದ ನೋವಿಗೆ ಅಫೀಮಿನ ದ್ರಾವಣ ಕುಡಿಯುತ್ತ ಹಾಸಿಗೆ ಹಿಡಿದಿದ್ದ. ಅದೇ ಮಾರ್ಚಿಯಲ್ಲಿ ತಾಯಿ ತೀರಿಕೊಂಡಳು. ಕೆಲವು ಭಾಗಗಳನ್ನು ಹೇಳಿ ಬರೆಸಬೇಕಾಯಿತು.

ಧಾರಾವಾಹಿ ಪ್ರಕಟವಾದದ್ದು ಚಾರ್ಲ್ಸ್ ಡಿಕನ್ಸನ ‘ಆಲ್ ದ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ, 1868ರ ಜನವರಿಯಿಂದ ಆಗಸ್ಟ್‌ವರೆಗೆ. ಈ ವಿವರವನ್ನು ಸುಮ್ಮನೆ ದಾಟಿಹೋಗುವಂತಿಲ್ಲ. ಹನ್ನೊಂದು ವರ್ಷ ಮೊದಲು ಉತ್ತರ ಭಾರತದಲ್ಲಿ ಸಿಪಾಯಿಗಳ ಬಂಡಾಯವಾದಾಗ, ಬಡವರ ಕಣ್ಣೀರಿನ ಲೇಖಕನೆಂದು ನಾವು ಗೌರವಿಸುವ ಡಿಕನ್ಸ್, ತನಗೆ ಅಧಿಕಾರವಿದ್ದಿದ್ದರೆ ಆ ಜನಾಂಗವನ್ನೇ ನಿರ್ಮೂಲ ಮಾಡುತ್ತಿದ್ದೆನೆಂಬ ಅರ್ಥದ ಮಾತನ್ನು ಖಾಸಗಿ ಪತ್ರದಲ್ಲಿ ಬರೆದ. 1857ರ ಕ್ರಿಸ್‌ಮಸ್ ಸಂಚಿಕೆಗೆ ಅದೇ ಆವೇಶದಲ್ಲಿ ಒಂದು ಕಥೆ ಹೊಸೆದ; ನಡುವಣ ಅಧ್ಯಾಯವನ್ನು ಬರೆದುಕೊಟ್ಟವನು ಕಾಲಿನ್ಸ್. ಆದರೆ ಕಾಲಿನ್ಸನ ಅಧ್ಯಾಯದಲ್ಲಿ ಯಜಮಾನನ ರೋಷ ಕಾಣುವುದಿಲ್ಲ. ಕೆಲವು ತಿಂಗಳ ಬಳಿಕ ‘ಸಿಪಾಯಿಗಳಿಗೊಂದು ಧರ್ಮೋಪದೇಶ’ ಎಂಬ ಅರ್ಥದ ಶೀರ್ಷಿಕೆಯಿಟ್ಟು ಅವನು ಬರೆದ ಲೇಖನದಲ್ಲಿ ಬೈಗುಳವಿಲ್ಲ. ಶಹಜಹಾನನ ಕಾಲದ ಒಂದು ನೀತಿಕಥೆಯಿದೆ. ಪೌರ್ವಾತ್ಯರಿಗೆ ಒಳಿತನ್ನು ಬೋಧಿಸಬೇಕಾದರೆ ಅವರ ಸಾಹಿತ್ಯದಲ್ಲಿಯೇ ಸಾಕಷ್ಟು ಸಾಮಗ್ರಿಯಿದೆ ಎಂಬ ಧೋರಣೆ ಅವನದು. ಹತ್ತು ವರ್ಷ ಕಳೆದ ಮೇಲೆ, ಅದೇ ಡಿಕನ್ಸನ ಪತ್ರಿಕೆಯ ಓದುಗರ ಮುಂದೆ ಅವನು ಇಂಗ್ಲಿಷ್ ಅಧಿಕಾರಿಯನ್ನು ಕೊಲೆಗಾರನೆಂದೂ ಕಳ್ಳನೆಂದೂ ಮೊದಲ ಕಂತಿನಲ್ಲೇ ನಿಲ್ಲಿಸಿದ. ಪೀಠಿಕೆಯನ್ನು ಕೇವಲ ರೋಚಕತೆಗಾಗಿ ಬರೆದದ್ದೆಂದು ಹೇಳುವ ವಿಮರ್ಶಕರೊಡನೆ ಈ ಕಾರಣಕ್ಕಾಗಿಯೇ ನನಗೆ ಸಹಮತವಿಲ್ಲ. ಹಾಗೆಂದು ಅವನನ್ನು ಸಾಮ್ರಾಜ್ಯದ ವಿರೋಧಿಯೆಂದು ಮೆರೆಸುವುದೂ ಅತಿಯಾದೀತು. ಅವನ ಬ್ರಾಹ್ಮಣರಿಗೆ ಹೆಸರುಗಳೇ ಇಲ್ಲ. ಅವರು ನೆರಳುಗಳಂತೆ ಸುಳಿಯುತ್ತಾರೆ, ಕಿಟಕಿಯಾಚೆಯಿಂದ ಇಣುಕುತ್ತಾರೆ. ಕಥೆಯನ್ನು ಹನ್ನೊಂದು ಮಂದಿ ಸರದಿಯ ಮೇಲೆ ನಿರೂಪಿಸುವರು. ಅವರಲ್ಲಿ ಒಬ್ಬ ಭಾರತೀಯನೂ ಇಲ್ಲ.

ಕಾಲಿನ್ಸ್ ತುಳಿದ ಹಾದಿ ಇಂಗ್ಲಿಷ್ ಪತ್ತೇದಾರಿ ಸಾಹಿತ್ಯದಲ್ಲಿ ರೂಢಿಯಾಗಿಬಿಟ್ಟಿತು. 1890ರಲ್ಲಿ ಬಂದ ಕಾನನ್ ಡಾಯಲನ ‘ದಿ ಸೈನ್ ಆಫ್ ಫೋರ್’ನಲ್ಲಿ ಆಗ್ರಾ ಕೋಟೆಯಲ್ಲಿ ನಡೆದ ಕೊಲೆ, ಅಲ್ಲಿಂದ ಸಾಗಿದ ನಿಧಿ, ಲಂಡನ್ನಿನಲ್ಲಿ ಷರ್ಲಾಕ್ ಹೋಮ್ಸನ ಬೇಟೆ, ಎಲ್ಲವೂ ಇದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಅಲ್ಲಿ ಕೊಂದವರಿಗೆ ಅಂಡಮಾನಿನ ಶಿಕ್ಷೆಯಾಗುತ್ತದೆ. ನಿಧಿಯ ಆಸೆಗೆ ಬಿದ್ದ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಮಾತ್ರ ಯಾವ ನ್ಯಾಯಾಲಯವೂ ಕರೆಯುವುದಿಲ್ಲ.

ಈಗ ಶ್ರೀರಂಗಪಟ್ಟಣಕ್ಕೆ ಹೋದವರು ಟಿಪ್ಪುವಿನ ದೇಹ ಸಿಕ್ಕಿದ ಸ್ಥಳದ ಫಲಕವನ್ನು ನೋಡಿ ಬರುತ್ತಾರೆ. ಕೋಟೆಗೋಡೆ ಒಡೆದ ಕಡೆ ಲಗ್ಗೆಯಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿಗಳ ನೆನಪಿಗೆ ಎತ್ತರದ ಸ್ತಂಭವೊಂದು ನಿಂತಿದೆ. ರಂಗನಾಥಸ್ವಾಮಿ ಗುಡಿಯ ಸಮೀಪದಲ್ಲಿದ್ದ ಲಾಲ್ ಮಹಲ್ ಅರಮನೆಯ ಅಡಿಪಾಯದ ಕಲ್ಲುಗಳು ಮಾತ್ರ ಉಳಿದಿವೆ. ಕಾಲಿನ್ಸನ ಕಲ್ಪನೆಯ ಆಯುಧಾಗಾರ ಅಲ್ಲಿಯೇ ಎಲ್ಲಿಯೋ ಇದ್ದಿರಬೇಕು. ಅಂದು ಕೋಟೆಯೊಳಗೆ ಸತ್ತ ಸಾವಿರಾರು ಜನ ಊರಿನವರ ಹಾಗೂ ಸಿಪಾಯಿಗಳ ಹೆಸರುಗಳು ಯಾವ ಸ್ತಂಭದ ಮೇಲೂ ಇಲ್ಲ. ಕಾದಂಬರಿಯ ಮೂವರು ಅನಾಮಿಕರಾದರೂ ನೂರೈವತ್ತು ವರ್ಷಗಳಿಂದ ಅಚ್ಚಿನಲ್ಲಿ ಉಳಿದುಕೊಂಡಿದ್ದಾರೆ.

ಅವರ ಸಾವಿನ ಕಡತವನ್ನು ಸರ್ಕಾರ ತೆರೆಯಲಿಲ್ಲವಾದರೂ ಕಾಲಿನ್ಸ್ ಪೂರ್ತಿ ಮುಚ್ಚಿಬಿಡಲಿಲ್ಲ. ಕೊನೆಯಲ್ಲಿ ಲಂಡನ್ನಿನ ಒಂದು ಹೋಟೆಲಿನ ಕೊಠಡಿಯಲ್ಲಿ ವಜ್ರ ಕದ್ದ ವ್ಯಕ್ತಿಯ ಉಸಿರುಗಟ್ಟಿಸಿ ಕೊಲೆಯಾಗುತ್ತದೆ. ಕೊಂದವರು ಆ ಮೂವರು ಬ್ರಾಹ್ಮಣರೇ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಕಫ್ ವರದಿ ಬರೆಯುತ್ತಾನೆ. ಹಡಗನ್ನು ತಡೆಯಲು ಪ್ರಯತ್ನ ನಡೆಯುತ್ತದೆ. ಅವರು ಸಿಕ್ಕಿಬೀಳುವುದಿಲ್ಲ. ಉಪಸಂಹಾರದಲ್ಲಿ ಮರ್ತ್‌ವೇಟ್ ಎಂಬ ಪ್ರವಾಸಿ 1850ರಲ್ಲಿ ಕಾಠಿಯಾವಾಡದ ಸೋಮನಾಥದ ಬಳಿ, ಹುಣ್ಣಿಮೆಯ ರಾತ್ರಿ, ಯಾತ್ರಿಕರ ಜಂಗುಳಿಯ ನಡುವೆ ಅವರನ್ನು ಕಾಣುತ್ತಾನೆ. ಮಣಿ ಮತ್ತೆ ದೇವರ ಹಣೆಗೇರಿದೆ. ಕರ್ತವ್ಯಕ್ಕಾಗಿ ಕಡಲು ದಾಟಿ, ವೇಷ ಮರೆಸಿ ಜಾತಿ ಕಳೆದುಕೊಂಡ ಆ ಮೂವರು ಇನ್ನು ಮುಂದೆ ಒಬ್ಬರ ಮುಖವನ್ನೊಬ್ಬರು ನೋಡುವಂತಿಲ್ಲ. ಅವರು ಎದ್ದು, ಪರಸ್ಪರ ಅಪ್ಪಿಕೊಂಡು, ನೆರೆದ ಜನ ಸದ್ದಿಲ್ಲದೆ ದಾರಿ ಬಿಡುತ್ತಿರಲು, ಮೂರು ದಿಕ್ಕಿಗೆ ನಡೆದುಹೋಗುತ್ತಾರೆ.